ಖಾಲಿ ಜಾಗಕ್ಕೂ ಹೆದರಿದ ಕತ್ತರಿ!

ಸೆನ್ಸಾರ್ ಅಂದ ಕೂಡಲೇ ನಮ್ಮ ಹುಡುಗರಿಗೆ ನೆನಪಾಗೋದು ಏನು? ಮುತ್ತಿನ ಸೀನಿಗೆ ಕತ್ತರಿ, ಫೈಟಿಗೆ ಕತ್ತರಿ! ಆದರೆ ಮಿತ್ರರೇ, ಸಿನಿಮಾಕ್ಕೆ ಬೀಳೋ ಕತ್ತರಿಯೇ ವಾಸಿ. ಯಾರು ಕತ್ತರಿಸಿದರು ಅಂತ ಗೊತ್ತಿರುತ್ತೆ, ಜಗಳಕ್ಕೆ ನಿಲ್ಲಬಹುದು. 1970ರ ‘ಸಂಸ್ಕಾರ’ವನ್ನೇ ನೋಡಿ. ಮದರಾಸಿನ ಸೆನ್ಸಾರಿನವರು ಮೊದಲು ಬಿಲ್‌ಕುಲ್ ಆಗೋದಿಲ್ಲ ಅಂದರು. ಪಟ್ಟಾಭಿರಾಮ ರೆಡ್ಡಿ ಬಿಡಲಿಲ್ಲ. ಚಿತ್ರ ಹೊರಗೂ ಬಂತು, ರಾಷ್ಟ್ರಪತಿಗಳ ಸ್ವರ್ಣಪದಕವನ್ನೂ ಹೊಡೀತು!

ಪತ್ರಿಕೆಗೆ ಬೀಳೋ ಕತ್ತರಿಯ ಕತೆ ಬೇರೆ. ಅಲ್ಲಿ ಕತ್ತರಿಸಿದ್ದೇ ಓದುಗನಿಗೆ ತಿಳಿಯೋದಿಲ್ಲ.

ಅದೇ ‘ಸಂಸ್ಕಾರ’ದ ಚಂದ್ರಿ, ಸ್ನೇಹಲತಾ ರೆಡ್ಡಿ. ತುರ್ತು ಪರಿಸ್ಥಿತಿಯ ಕಾಲ, 1976ರ ಮೇ ತಿಂಗಳಲ್ಲಿ ಪೊಲೀಸರು ಆಕೆಯನ್ನು ಹಿಡಿದರು. ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು, ಅದೂ ಆಸ್ತಮಾ ಇಟ್ಟುಕೊಂಡು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನ... ಜನವರಿ 20ಕ್ಕೆ ತೀರಿಕೊಂಡರು. ಚಿನ್ನದ ಪದಕದ ಚಿತ್ರದ ನಾಯಕಿ ಕಂಬಿಯ ಹಿಂದೆ ಉಸಿರಿಗೆ ಒದ್ದಾಡುತ್ತಿದ್ದಾಗ ಅದನ್ನು ಬಿಚ್ಚಿ ಬರೆಯುವ ಹಾಗಿರಲಿಲ್ಲ! ಕಿಶೋರ್ ಕುಮಾರ್ ಸರ್ಕಾರದ ಪ್ರಚಾರಕ್ಕೆ ಹಾಡೋದಿಲ್ಲ ಅಂದದ್ದಕ್ಕೆ ಅದೇ ಮೇ ತಿಂಗಳಲ್ಲಿ ಆಕಾಶವಾಣಿಯಿಂದ ಅವರ ಹಾಡುಗಳೇ ಮಾಯ. ಒಳಗಿನ ಕತೆ ಪೂರ್ತಿ ಬಯಲಾಗಿದ್ದು ಆಮೇಲೆ, ಷಾ ಆಯೋಗದ ವಿಚಾರಣೆ ನಡೆದಾಗ.

ಅಂಥ ಹೊತ್ತಲ್ಲಿ ಪತ್ರಕರ್ತ ಏನು ಮಾಡಬೇಕು? ಎಲ್ಲರೂ ಜೈಲಿಗೆ ಹೋಗಿ ಅನ್ನೋದು ಸುಲಭ. ಮನೇಲಿ ಹೆಂಡತಿ ಮಕ್ಕಳು ಇರ್ತಾರಲ್ಲ! ‘ಇಂಡಿಯನ್ ಎಕ್ಸ್‌ಪ್ರೆಸ್’ 1975ರ ಜೂನ್ 28ರಂದು ಒಂದು ಕೆಲಸ ಮಾಡಿತು. ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಒಂದಕ್ಷರ ಇಲ್ಲ. ನನ್ನ ಪ್ರಕಾರ ಕಸುಬುದಾರಿಕೆ ಅಂದರೆ ಅದು. ಬರೆಯೋಕೆ ಬಿಡಲಿಲ್ಲ, ಸರಿ. ಬಿಡಲಿಲ್ಲ ಅನ್ನೋದನ್ನಾದರೂ ಓದುಗನಿಂದ ಮುಚ್ಚಿಡಲಿಲ್ಲ. ಸರ್ಕಾರಕ್ಕೂ ಅದರ ಬಿಸಿ ತಟ್ಟಿತು. ಖಾಲಿ ಜಾಗ ಬಿಡಬಾರದು ಅಂತಲೂ ಸೆನ್ಸಾರಿನಿಂದ ಅಪ್ಪಣೆಯಾಯ್ತು! ಆ ಜಾಗಕ್ಕೆ ಹೊಗಳಿಕೆ ತುಂಬಿಸಿದವರೂ ಬೇಕಾದಷ್ಟು ಜನ. ಅವರೂ ಪತ್ರಕರ್ತರೇ, ಸಂಬಳ ತಪ್ಪದೆ ಬಂತು.

ಈಗ ಬಾಗಿಲಲ್ಲಿ ಸರ್ಕಾರದ ಆಫೀಸರ್ ಕೂತಿಲ್ಲ. ಪಿ.ಆರ್.ಓ. ಫೋನ್ ಬರುತ್ತೆ, ಅಷ್ಟೇ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು, ಕಾಲಂ ಲೆಕ್ಕದಲ್ಲಿ ದುಡ್ಡು ಎಣಿಸೋ ಬರಹಗಾರ. ಒಂದು ಚಿತ್ರದ ಲೈಟ್ ಹುಡುಗರಿಗೆ ಬಟವಾಡೆ ಬಾಕಿ ಇದೆ ಅಂತ ಬರೆದಿದ್ದೆ, ಲೆಕ್ಕದ ಚೀಟಿ ಕಣ್ಣಾರೆ ನೋಡಿ. ಅಚ್ಚಿಗೆ ಮುಂಚೆ ಅದು ಹೇಗೋ ಅವರ ಕಿವಿಗೆ ಬಿತ್ತು.

‘ಬ್ರದರ್, ಸ್ವಲ್ಪ ಪ್ರೊಫೆಷನಲ್ ಆಗಿರಿ. ಆ ಪ್ಯಾರಾ ತೆಗೀರಿ’ ಅಂದರು.

‘ಹೀರೋ ಹೆಸರಲ್ಲಿ ಕಾಗುಣಿತ ತಪ್ಪಿದ್ದರೆ ಹೇಳಿ ಸಾರ್, ತಿದ್ತೀನಿ. ಬಟವಾಡೆ ಆಗಿದ್ದರೂ ಹೇಳಿ, ಅದನ್ನೂ ಹಾಕ್ತೀನಿ’ ಅಂದೆ.

ಆಗಿರಲಿಲ್ಲ. ಪ್ಯಾರಾ ಅಚ್ಚಾಯ್ತು. ಆಮೇಲೆ ಆ ಕಂಪನಿಯಿಂದ ಪ್ರೆಸ್ ಷೋ ಪಾಸ್ ಬಂದಿಲ್ಲ. ಅವರ ಚಿತ್ರಗಳನ್ನು ಈಗ ಗಾಂಧಿ ಕ್ಲಾಸಿನಲ್ಲೇ ಟಿಕೆಟ್ ಕೊಂಡು ನೋಡ್ತೀನಿ, ನಿಮ್ಮ ಜೊತೆ!