ಸಕಲ ಸಂತರ ಹಬ್ಬದ ಮುನ್ನಾದಿನ: ಮಕ್ಕಳ ಸಂತೋಷ, ಹಿರಿಯರ ಸಂತೋಷ



ಗುಂಜಿ, ಖಾನಾಪುರದ ಕಡೆ ಮಳೆ ಹಿಂದೆ ಸರಿದು ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಧರ್ಮಸಭೆಯು ನಮಗೆ ಎರಡು ದಿನಗಳನ್ನು ಕೊಡುತ್ತದೆ. ನವೆಂಬರ್ 1 ಸಕಲ ಸಂತರ ಮಹೋತ್ಸವ. ನವೆಂಬರ್ 2 ಮೃತರಾದ ಸಕಲ ವಿಶ್ವಾಸಿಗಳ ಸ್ಮರಣೆ. ಈಚೆಗೆ ಇವುಗಳ ಮುಂದೆ ಇನ್ನೊಂದು ದಿನ ಬಂದು ಕುಳಿತಿದೆ, ಅಕ್ಟೋಬರ್ 31ರ ಹ್ಯಾಲೋವೀನ್. ಬೆಳಗಾವಿಯಲ್ಲಿ ಓದುವ ಮಕ್ಕಳು ಅದನ್ನು ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ನೋಡಿದ್ದಾರೆ. ಹೊರದೇಶದಲ್ಲಿರುವ ಚಿಕ್ಕಪ್ಪನ ಮಕ್ಕಳು ದೆವ್ವದ ವೇಷ ತೊಟ್ಟು ನಿಂತ ಫೋಟೋ ಮನೆಗೆ ಬರುತ್ತದೆ. "ಫಾದರ್, ಇದು ಪಾಪವೇ?" ಎಂದು ತಾಯಂದಿರು ಕೇಳುತ್ತಾರೆ.

ಕೆಲವು ವರ್ಷಗಳ ಹಿಂದೆ ನಾನು ಈ ಪ್ರಶ್ನೆಗೆ ಬಹಳ ಬೇಗ ಉತ್ತರ ಕೊಟ್ಟುಬಿಟ್ಟಿದ್ದೆ. ಹಬ್ಬದ ಪ್ರಬೋಧನೆಯಲ್ಲಿ, ಹಿಂದಿನ ರಾತ್ರಿ ಮುಖಕ್ಕೆ ಮಸಿ ಬಳಿದುಕೊಂಡು ಓಣಿಯಲ್ಲಿ ಓಡಾಡಿದ ಮಕ್ಕಳನ್ನು ಹೆಸರು ಹೇಳದೆಯೇ ಗದರಿಸಿದೆ. ದೊಡ್ಡವರು ತಲೆ ಆಡಿಸಿದರು. ಬಲಿಪೂಜೆ ಮುಗಿದ ಮೇಲೆ ಗುಂಜಿಯ ಕಡೆಯ ಒಬ್ಬ ಹುಡುಗ, ಏಳೆಂಟು ವರ್ಷದವನಿರಬೇಕು, ಸಕ್ರಿಸ್ತಿಯ ಬಾಗಿಲಿಗೆ ಬಂದು ನಿಂತ. ಅಳುತ್ತಿರಲಿಲ್ಲ. "ಫಾದರ್, ನಮ್ಮ ಅಜ್ಜ ದೆವ್ವ ಆಗ್ಯಾನೇನ್ರಿ?" ಎಂದು ಕೇಳಿದ. ಆ ಮಳೆಗಾಲದಲ್ಲಿ ಅವನ ಅಜ್ಜನನ್ನು ಮಣ್ಣು ಮಾಡಿದ್ದವನು ನಾನೇ.

ನಾನು ಗದರಿಸಿದ್ದು ವೇಷವನ್ನು. ಅವನು ಕೇಳಿಸಿಕೊಂಡದ್ದು ಅಜ್ಜನ ವಿಷಯವನ್ನು. ಒಂದೇ ಹಬ್ಬವನ್ನು ಹಿರಿಯರೂ ಮಕ್ಕಳೂ ಬೇರೆ ಬೇರೆ ಕಡೆಯಿಂದ ನೋಡುತ್ತಾರೆ ಎಂಬುದು ಆಗ ನನಗೆ ಹೊಳೆಯಿತು.

ಮೊದಲು ಹೆಸರಿನ ಮಾತು. 'ಹ್ಯಾಲೋ' ಎಂದರೆ ಹಳೆಯ ಇಂಗ್ಲಿಷಿನಲ್ಲಿ ಪವಿತ್ರನಾದವನು, ಸಂತ. 'ಈವ್' ಎಂದರೆ ಮುನ್ನಾದಿನದ ಸಂಜೆ. ಸಕಲ ಸಂತರ ಹಬ್ಬದ ಹಿಂದಿನ ಸಂಜೆ ಎಂಬುದಷ್ಟೇ ಆ ಪದದ ಅರ್ಥ. ರೋಮಿನ ಪ್ಯಾಂಥಿಯನ್ ದೇಗುಲವನ್ನು ನಾಲ್ಕನೆಯ ಬೋನಿಫಾಸ್ ಜಗದ್ಗುರುಗಳು ಕನ್ಯಾಮರಿಯಮ್ಮನವರಿಗೂ ಸಕಲ ರಕ್ತಸಾಕ್ಷಿಗಳಿಗೂ ಅರ್ಪಿಸಿದ್ದು ಏಳನೆಯ ಶತಮಾನದ ಆರಂಭದಲ್ಲಿ, ಮೇ 13ರಂದು. ಒಂಬತ್ತನೆಯ ಶತಮಾನದ ಹೊತ್ತಿಗೆ ಪಶ್ಚಿಮ ಯೂರೋಪಿನಲ್ಲಿ ಹಬ್ಬವು ನವೆಂಬರ್ 1ಕ್ಕೆ ನೆಲೆಗೊಂಡಿತು. ಸುಮಾರು 998ರಲ್ಲಿ ಕ್ಲೂನಿ ಮಠದ ಶ್ರೇಷ್ಠರಾದ ಸಂತ ಓಡಿಲೋ ತಮ್ಮ ಮಠಗಳಲ್ಲಿ ಮರುದಿನವನ್ನು ಮೃತರ ಪ್ರಾರ್ಥನೆಗೆಂದು ಮೀಸಲಿಟ್ಟರು. ಅದು ಮುಂದೆ ಇಡೀ ಧರ್ಮಸಭೆಗೆ ಹರಡಿತು. ಐರ್ಲೆಂಡಿನಲ್ಲಿ ಚಳಿಗಾಲದ ಆರಂಭಕ್ಕೆ ಇದ್ದ ಹಳೆಯ ಆಚರಣೆಗಳೂ ಆ ಸಂಜೆಗೆ ಅಂಟಿಕೊಂಡವು. ಹತ್ತೊಂಬತ್ತನೆಯ ಶತಮಾನದಲ್ಲಿ ಬರಗಾಲಕ್ಕೆ ಸಿಕ್ಕಿ ಹಡಗು ಹತ್ತಿದ ಐರಿಷ್ ಬಡವರು ಅವನ್ನೆಲ್ಲ ಅಮೆರಿಕಕ್ಕೆ ಒಯ್ದರು. ಊರಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಮಾಡುತ್ತಿದ್ದವರಿಗೆ ಅಲ್ಲಿ ಕುಂಬಳಕಾಯಿ ಸಿಕ್ಕಿತು.

ಮನೆಮನೆಗೆ ಹೋಗಿ ಸಿಹಿ ಕೇಳುವುದು ಎಲ್ಲಿಂದ ಬಂತು? ಇಂಗ್ಲೆಂಡಿನಲ್ಲಿ ಈ ದಿನಗಳಲ್ಲಿ ಬಡವರೂ ಮಕ್ಕಳೂ ಬಾಗಿಲು ತಟ್ಟಿ 'ಆತ್ಮದ ರೊಟ್ಟಿ' ಎಂಬ ಸಣ್ಣ ಕೇಕು ಪಡೆದು, ಆ ಮನೆಯ ಮೃತರಿಗಾಗಿ ಪ್ರಾರ್ಥಿಸುತ್ತಿದ್ದರು. ಪೋರ್ಚುಗಲ್ಲಿನಲ್ಲಿ ನವೆಂಬರ್ 1ರ ಬೆಳಿಗ್ಗೆ ಮಕ್ಕಳು ಚೀಲ ಹಿಡಿದು ದೇವರ ಹೆಸರಿನಲ್ಲಿ ರೊಟ್ಟಿ ಕೇಳುವ ಪದ್ಧತಿ ಉಂಟು. ಕೊಡುವವರಿಗೆ ತಮ್ಮ ಸತ್ತವರ ನೆನಪು, ಪಡೆಯುವ ಮಗುವಿಗೆ ಕೈಯಲ್ಲಿನ ಕೇಕು. ಇಬ್ಬರ ಸಂತೋಷ ಅಂದೂ ಒಂದೇ ಆಗಿರಲಿಲ್ಲ.

ಇದು ನಮಗೆ ಹೊಸದೇ? ಹೋಳಿ ಹುಣ್ಣಿಮೆಯ ಮುಂಚೆ ನಮ್ಮ ಹಳ್ಳಿಗಳ ಹುಡುಗರು ಕಾಮಣ್ಣನಿಗೆಂದು ಕಟ್ಟಿಗೆ, ಕುಳ್ಳು ಕದಿಯುವುದನ್ನು ನೋಡಿಲ್ಲವೇ? ಕದ್ದದ್ದು ಗೊತ್ತಾದರೂ ಯಜಮಾನ ಕೋಲು ಹಿಡಿದು ನಾಲ್ಕು ಹೆಜ್ಜೆ ಓಡಿ ನಿಂತುಬಿಡುತ್ತಾನೆ. ಅವನೂ ಹಿಂದೊಮ್ಮೆ ಕದ್ದವನೇ. ಬೆಳಗಾವಿ ಕ್ಯಾಂಪಿನಲ್ಲಿ ಡಿಸೆಂಬರ್ 31ರ ಮಧ್ಯರಾತ್ರಿ ಸುಡುವ 'ಓಲ್ಡ್ ಮ್ಯಾನ್' ನಮ್ಮ ಕ್ರೈಸ್ತ ಕುಟುಂಬಗಳಿಗೆಲ್ಲ ಪರಿಚಿತ. ಹುಲ್ಲು ತುಂಬಿ, ಹಳೆಯ ಪ್ಯಾಂಟು ಶರ್ಟು ತೊಡಿಸಿ ಮುದುಕನನ್ನು ಕೂರಿಸುತ್ತಾರೆ. ಹುಡುಗರಿಗೆ ಬೇಕಾದದ್ದು ಹೊಟ್ಟೆಯೊಳಗಿನ ಪಟಾಕಿ ಯಾವಾಗ ಸಿಡಿಯುತ್ತದೆ ಎಂಬುದು. ಪಕ್ಕದಲ್ಲಿ ನಿಂತ ಅಪ್ಪನಿಗೆ ಹಾಗಲ್ಲ. ಆ ವರ್ಷದ ಸಾಲ, ಆಸ್ಪತ್ರೆಯ ಬಿಲ್ಲು, ಮನೆಯಲ್ಲಿ ಖಾಲಿಯಾದ ಒಂದು ಕುರ್ಚಿ, ಎಲ್ಲವೂ ಬೆಂಕಿಯ ಬೆಳಕಿನಲ್ಲಿ ಕಣ್ಣ ಮುಂದೆ ಬರುತ್ತವೆ. ಅವನೂ ನಗುತ್ತಾನೆ. ಆದರೆ ಅದು ಬೇರೆ ನಗು.

ಮಗುವಿಗೆ ಸಾವು ದೂರದ ಮಾತು. ಆದ್ದರಿಂದ ಅದು ಭಯವನ್ನೇ ಆಟದ ಸಾಮಾನು ಮಾಡಿಕೊಳ್ಳುತ್ತದೆ. ದಿನವೆಲ್ಲ ದೊಡ್ಡವರಿಗೆ ಹೆದರುವ ಮಗು, ಒಂದು ಸಂಜೆ ದೊಡ್ಡವರೇ ತನಗೆ ಹೆದರಿದಂತೆ ನಟಿಸುವುದನ್ನು ಕಂಡು ಕುಣಿಯುತ್ತದೆ. ವೇಷದೊಳಗೆ ಇರುವುದು ತಾನೇ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಹಿರಿಯರಿಗೆ ಸಾವು ಗೊತ್ತು. ಅವರು ವೇಷ ಹಾಕಿದರೆ ತಮ್ಮನ್ನು ತಾವೇ ಸ್ವಲ್ಪ ಹೊತ್ತು ಮರೆಯಲಿಕ್ಕೆ. ಅದಕ್ಕೇ ದೊಡ್ಡ ನಗರಗಳ ಹ್ಯಾಲೋವೀನ್ ಪಾರ್ಟಿಗಳಲ್ಲಿ ಕುಡಿತ ಜೊತೆಗೂಡುತ್ತದೆ. ಮಕ್ಕಳ ವೇಷವನ್ನು ಬೈಯುವ ನಾವು ಇದರ ಬಗ್ಗೆ ಸುಮ್ಮನಿರುತ್ತೇವೆ. ನನ್ನ ಮಟ್ಟಿಗೆ, ಚಿಂತೆ ಮಾಡಬೇಕಾದದ್ದು ಮಸಿ ಬಳಿದ ಹುಡುಗನ ಬಗ್ಗೆ ಅಲ್ಲ. ಆದರೆ ಸತ್ತವರನ್ನು ಕರೆಸುತ್ತೇವೆಂದು ಹಲಗೆ, ಗ್ಲಾಸು ಇಟ್ಟುಕೊಂಡು ಕೂರುವುದು ಯಾರಿಗೂ ಆಟವಲ್ಲ. ಅದನ್ನು ಧರ್ಮಸಭೆ ಸ್ಪಷ್ಟವಾಗಿ ನಿಷೇಧಿಸಿದೆ.

ಪ್ಯಾರಿಸ್ ಧರ್ಮಕ್ಷೇತ್ರದಲ್ಲಿ 2002ರಿಂದ ಮಕ್ಕಳಿಗೆ ಆ ಸಂಜೆ ಸಂತರ ವೇಷ ಹಾಕಿಸುವ ಪದ್ಧತಿ ಶುರುವಾಯಿತು, ಬೇರೆ ದೇಶಗಳಿಗೂ ಹಬ್ಬಿತು. ನಾನೂ ಒಂದು ವರ್ಷ ಪ್ರಯತ್ನಿಸಿದೆ. ಪುಟ್ಟ ತೆರೇಸಮ್ಮನವರಾಗಿ ಗುಲಾಬಿ ಹಿಡಿದು ನಾಲ್ಕು ಹುಡುಗಿಯರು ಬಂದರು. ಹುಡುಗರಿಗೆ ಮಾತ್ರ ಬಾಣ ನಾಟಿಸಿಕೊಂಡ ಸಂತ ಸೆಬಾಸ್ಟಿಯನ್ನೇ ಬೇಕು, ಅದೂ ಕೆಂಪು ಬಣ್ಣ ಸುರಿಸಿಕೊಂಡು. ಕಾವಲಿಯ ಮೇಲೆ ಸುಟ್ಟ ಲಾರೆನ್ಸ್, ತಟ್ಟೆಯಲ್ಲಿ ಕಣ್ಣಿಟ್ಟುಕೊಂಡ ಲೂಸಿ, ತನ್ನ ತಲೆಯನ್ನೇ ಕೈಯಲ್ಲಿ ಹಿಡಿದ ಡೆನಿಸ್! ನಮ್ಮ ಸಂತರ ಸಾಲಿನ ಮುಂದೆ ಕುಂಬಳಕಾಯಿ ಬಹಳ ಸಾಧು. ಪಾಲಕರು ಫೋಟೋ ತೆಗೆಯುವುದರಲ್ಲಿ ಮುಳುಗಿದ್ದರು. ತಮ್ಮ ಮಗು ಯಾವ ಸಂತನೆಂದು ಇಬ್ಬರು ತಂದೆಯರಿಗೆ ತಿಳಿದಿರಲಿಲ್ಲ.

ಮೆಕ್ಸಿಕೋದವರ ಕ್ರಮ ನನಗೆ ಹೆಚ್ಚು ಹಿಡಿಸುತ್ತದೆ. 2017ರ 'ಕೋಕೋ' ಚಲನಚಿತ್ರದಲ್ಲಿ ಮಕ್ಕಳು ಅದನ್ನು ನೋಡಿರಬಹುದು. ಅಲ್ಲಿ ನವೆಂಬರ್ 1ರಂದು ತೀರಿಹೋದ ಮಕ್ಕಳನ್ನೂ 2ರಂದು ಹಿರಿಯರನ್ನೂ ನೆನೆಯುತ್ತಾರೆ. ಸಕ್ಕರೆಯಲ್ಲಿ ತಲೆಬುರುಡೆ ಮಾಡುತ್ತಾರೆ. ಮಕ್ಕಳು ಅದನ್ನು ತಿನ್ನುತ್ತಾರೆ, ಪಕ್ಕದಲ್ಲಿ ಅಜ್ಜಿ ಅಳುತ್ತಾಳೆ. ಯಾರೂ ಯಾರನ್ನೂ ದೂರ ಕಳುಹಿಸುವುದಿಲ್ಲ. ಸಮಾಧಿಗೆ ಅವರು ಹಾಕುವುದು ಚೆಂಡುಹೂವು. ನಾವು ಹಾಕುವುದೂ ಅದೇ. ಆ ಗಿಡದ ತವರು ಮೆಕ್ಸಿಕೋ.

ನಮ್ಮಲ್ಲಿ ಈಗ ಏನಾಗುತ್ತಿದೆ? ನವೆಂಬರ್ 2ರಂದು ಸಮಾಧಿಗಳನ್ನು ಆಶೀರ್ವದಿಸಲು ಹೋದಾಗ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಕೇಳಿದರೆ "ಶಾಲೆ ಇದೆ", "ಕತ್ತಲಾಗುತ್ತದೆ, ಹೆದರಿಯಾರು" ಎನ್ನುತ್ತಾರೆ. ಮನೆಯಲ್ಲಿ ಭೂತದ ಸಿನಿಮಾ ನೋಡಲು ಬಿಟ್ಟು, ಅಜ್ಜನ ಸಮಾಧಿಗೆ ಕರೆತರಲು ಹೆದರುತ್ತೇವೆ. ಪರದೆಯಲ್ಲಿ ದೆವ್ವವನ್ನು ಮಾತ್ರ ಕಂಡ ಮಗು, ಸತ್ತವರೆಲ್ಲ ದೆವ್ವವೇ ಎಂದುಕೊಂಡರೆ ತಪ್ಪು ಯಾರದು?

ಆ ಹುಡುಗನಿಗೆ ಅಂದು ಹೇಳಿದೆ: "ಇಲ್ಲಪ್ಪಾ, ದೆವ್ವ ಅಲ್ಲ. ಅಜ್ಜ ದೇವರ ಹತ್ತಿರ ಅದಾರ. ನಾವು ಅವರ ಸಲುವಾಗಿ ಪ್ರಾರ್ಥನಾ ಮಾಡ್ತೀವಿ, ಅವರೂ ನಮ್ಮ ಸಲುವಾಗಿ ಮಾಡ್ತಾರ. ನಾಳೆ ನೀನೂ ಬಾ."

ಮರುದಿನ ಸಂಜೆ ತಾಯಿಯ ಜೊತೆ ಬಂದ. ಮಂತ್ರಜಲ ಪ್ರೋಕ್ಷಿಸುತ್ತಾ ನಾನು ಅವರ ಸಮಾಧಿಯ ಬಳಿ ಬಂದಾಗ ತಾಯಿ ಸೆರಗು ಬಾಯಿಗೆ ಒತ್ತಿ ನಿಂತಿದ್ದರು. ಹುಡುಗ ಅಲ್ಲಿರಲಿಲ್ಲ. ಇನ್ನೂ ಮೂವರು ಹುಡುಗರನ್ನು ಕೂಡಿಕೊಂಡು, ಸಮಾಧಿಯಿಂದ ಸಮಾಧಿಗೆ ಓಡಿ, ಮೇಣದಬತ್ತಿಗಳಿಂದ ಕರಗಿ ಬಿದ್ದ ಮೇಣವನ್ನು ಕೆರೆದು ಉಂಡೆ ಕಟ್ಟುತ್ತಿದ್ದ. ಹಿರಿಯರೊಬ್ಬರು ಗದರಿಸಲು ಹೊರಟರು. ನಾನು ಅವರ ತೋಳು ಹಿಡಿದೆ. ಚಿಕ್ಕವನಿದ್ದಾಗ ನಾನೂ ಅದನ್ನೇ ಮಾಡಿದವನು, ಬೆರಳು ಸುಟ್ಟುಕೊಂಡವನು.

ಎಲ್ಲ ಮುಗಿದು ಗೇಟಿನ ಹತ್ತಿರ ಬಂದಾಗ ಅವನು ಉಂಡೆಯನ್ನು ನನ್ನ ಮುಂದೆ ಹಿಡಿದ. ಲಿಂಬೆಹಣ್ಣಿನಷ್ಟು ದೊಡ್ಡದಿತ್ತು, ಮಣ್ಣು ಮೆತ್ತಿತ್ತು, ಇನ್ನೂ ಬೆಚ್ಚಗಿತ್ತು.

"ಎಲ್ಲಾರದೂ ಕೂಡ್ಸೀನ್ರಿ ಫಾದರ್. ಇದ್ರಾಗ ನಮ್ಮ ಅಜ್ಜಂದೂ ಐತ್ರಿ," ಎಂದ.