ಎರಡು ವಾರ ದಾಟಿದ ಕೆಮ್ಮು

ರೋಗ ಮತ್ತು ಚಿಕಿತ್ಸೆಯ ಕುರಿತು ಜುಮಾ ಖುತ್ಬಾದಲ್ಲಿ ಹೇಳಿದ ಮಾತುಗಳ ಸಾರವನ್ನು ಇನ್ನಷ್ಟು ವಿವರದೊಂದಿಗೆ ಇಲ್ಲಿ ಕೊಡುತ್ತಿದ್ದೇನೆ. ಅಲ್ಲಾಹನು ರೋಗದ ಜೊತೆಗೆ ಮದ್ದನ್ನೂ ಇಳಿಸಿದ್ದಾನೆ, ಆದ್ದರಿಂದ ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ.

ಚಿಕ್ಕಬಾಣಾವರದ ನಮ್ಮಲ್ಲಿ ಬಹಳ ಮಂದಿ ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು. ಕೆಮ್ಮು ಬಂದರೆ ಧೂಳು ಎನ್ನುತ್ತೇವೆ, ಹವಾಮಾನ ಎನ್ನುತ್ತೇವೆ, ಮೆಡಿಕಲ್ ಸ್ಟೋರಿನಿಂದ ಸಿರಪ್ ತರುತ್ತೇವೆ. ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದಾದರೂ ಕಂಡರೆ ಅದು ಕ್ಷಯ, ಅಂದರೆ ಟಿಬಿ ಇರಬಹುದು. ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ತಪ್ಪು ಯಾವಾಗಲೂ ರೋಗಿಯದ್ದೇ ಅಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಮಾತಾಡಿಸಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಅವರಲ್ಲಿ ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಅವರನ್ನು ವಾಪಸು ಕಳಿಸಲಾಗಿತ್ತು. ಇವತ್ತಿಗೂ ಬಾಟಲಿ ಕೊಟ್ಟರೆ ಸುಮ್ಮನೆ ಬರಬೇಡಿ, ಕಫ ಪರೀಕ್ಷೆ ಮಾಡಿ ಎಂದು ಕೇಳಿ.

ಸಾಮಾನ್ಯ ಟಿಬಿಗೆ ಆರು ತಿಂಗಳ ಮಾತ್ರೆ. ಎರಡನೇ ತಿಂಗಳಿಗೇ ಮೈ ಹಗುರಾಗುತ್ತದೆ, ಮಾತ್ರೆ ಬಿಡುವವರು ಬಿಡುವುದೂ ಆಗಲೇ. ಹಾಗೆ ಬಿಟ್ಟರೆ ಉಳಿದ ಕ್ರಿಮಿಗಳು ಆ ಮದ್ದಿಗೆ ಜಗ್ಗದಂತಾಗಬಹುದು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಕಣ್ಣು ಹಳದಿಯಾದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ಚಿಕಿತ್ಸೆಯ ಅವಧಿಯಲ್ಲಿ ಆಹಾರಕ್ಕೆಂದು ಸರ್ಕಾರ ಬ್ಯಾಂಕ್ ಖಾತೆಗೆ ಹಣ ಹಾಕುತ್ತದೆ; 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ಆಗಿದೆ.

ಮಗಳಿಗೆ ಟಿಬಿ ಎಂದು ಗೊತ್ತಾದರೆ ಸಂಬಂಧ ಕೂಡಿಬರುವುದಿಲ್ಲ ಎಂದು ಮುಚ್ಚಿಡುವ ಮನೆಗಳಿವೆ. ಇದು ಆ ಹುಡುಗಿಗೆ ಮಾಡುವ ಜುಲ್ಮ್. ಟಿಬಿ ತಟ್ಟೆ ಲೋಟದಿಂದ ಹರಡುವುದಿಲ್ಲ, ಕೆಮ್ಮಿದ ಗಾಳಿಯಿಂದ ಹರಡುತ್ತದೆ. ಸರಿಯಾದ ಮದ್ದು ಶುರುವಾದ ಕೆಲವೇ ವಾರಗಳಲ್ಲಿ ಹರಡುವ ಶಕ್ತಿ ತಗ್ಗುತ್ತದೆ. ಮನೆಯ ಮಕ್ಕಳನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.

ಅಷ್ಟು ಸಾಮಾನ್ಯವಲ್ಲದ ಇನ್ನೊಂದು ರೋಗ ಸಿಲಿಕೋಸಿಸ್. ಎರಕದ ಮರಳು, ಮರಳಿನಿಂದ ಲೋಹ ಉಜ್ಜುವ ಕೆಲಸ, ಗ್ರಾನೈಟ್ ಕೊಯ್ಯುವ ಕೆಲಸ, ಇವುಗಳಲ್ಲಿ ಏಳುವ ನುಣ್ಣನೆಯ ಕಲ್ಲುಪುಡಿ ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿಯಾಗಿಸುತ್ತದೆ. ಕೆಮ್ಮು, ಏದುಸಿರು, ಎಕ್ಸ್‌ರೇಯಲ್ಲಿ ಕಲೆ; ಎಲ್ಲ ಟಿಬಿಯಂತೆಯೇ. ಹೀಗಾಗಿ ಟಿಬಿ ಎಂದೇ ಮಾತ್ರೆ ನುಂಗಿ ಗುಣ ಕಾಣದವರಿದ್ದಾರೆ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬೇಗ ತಗಲುವುದೂ ಉಂಟು. ಇದನ್ನು ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ (ಮದ್ದನ್ನು ಬಲ್ಲವರು ಬಲ್ಲರು, ಅರಿಯದವರು ಅರಿಯರು ಎಂಬ ಅರ್ಥವೂ ಹದೀಸಿನಲ್ಲಿದೆ). ಧೂಳಿನಿಂದ ದೂರವಾಗುವುದೇ ಮೊದಲ ಚಿಕಿತ್ಸೆ. ವೈದ್ಯರ ಬಳಿ ಹೋದಾಗ ಯಾವ ಕೆಲಸ, ಎಷ್ಟು ವರ್ಷ ಎಂದು ಅವರು ಕೇಳದಿದ್ದರೂ ನೀವೇ ಹೇಳಿ. ಕಾನೂನಿನ ಪ್ರಕಾರ ಇದು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗ. ಇಎಸ್‌ಐ ಇರುವವರು ಪರಿಹಾರವನ್ನೂ ಕೇಳಬಹುದು.

ದಮ್ ಮಾಡಿಸಿಕೊಳ್ಳಲು ಬರುವವರನ್ನು ನಾನು ಹಿಂದಕ್ಕೆ ಕಳಿಸುವುದಿಲ್ಲ. ಕೆಮ್ಮು ಎಷ್ಟು ದಿನದಿಂದ ಎಂದು ಮಾತ್ರ ಕೇಳುತ್ತೇನೆ. ರಮಝಾನಿನಲ್ಲಿ ಮಾತ್ರೆ ಬಿಡಬೇಡಿ. ಉಪವಾಸ ಹಿಡಿಯಬಹುದೇ ಎಂದು ವೈದ್ಯರನ್ನು ಕೇಳಿ. ಬೇಡವೆಂದರೆ, ರೋಗಿಯು ಬೇರೆ ದಿನಗಳಲ್ಲಿ ಅದನ್ನು ಪೂರೈಸಲು ಸೂರಃ ಅಲ್‌ಬಕರಃದ 184 ಮತ್ತು 185ನೇ ವಚನಗಳಲ್ಲಿ ಅನುಮತಿ ಇದೆ.