ಉಸಿರು ಕಟ್ಟಬೇಡಿ

ನಾನು ದ್ವೀಪದಲ್ಲಿ ಹುಟ್ಟಿದವನು. ಕಾವೇರಿ ಎರಡು ಕವಲಾಗಿ ಬಳಸಿ ಹರಿಯುವ ಶ್ರೀರಂಗಪಟ್ಟಣ ನನ್ನ ಊರು. ಹೀಗಿದ್ದೂ ಐವತ್ತು ವರ್ಷಕ್ಕೂ ಮೇಲೆ ನಾನು ನೀರಿನೊಳಗೆ ತಲೆ ಮುಳುಗಿಸಿದವನಲ್ಲ. ಈಚೆಗೆ ಮೊಮ್ಮಗಳೊಡನೆ ಮತ್ತೊಂದು ದ್ವೀಪಕ್ಕೆ, ಮುರ್ಡೇಶ್ವರದ ಆಚೆಯ ನೇತ್ರಾಣಿಗೆ, ಹೋಗಿಬಂದ ಮೇಲೆ ಅದರ ಕಾರಣವನ್ನು ಹೇಳಬಹುದೆನ್ನಿಸಿತು.

ನಮ್ಮ ಕಡೆ ಹುಡುಗರು ಈಜು ಕಲಿಯುತ್ತಿದ್ದುದು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಬುರುಡೆ ಬಿಚ್ಚಿದ ಮೇಲೆ ಪಂದ್ಯ. ಪಾಂಡವಪುರದ ಬಳಿ ನನ್ನ ಸೋದರಮಾವನ ತೋಟದಲ್ಲೊಂದು ಬಾವಿಯಿತ್ತು. ಅದರ ತಳದ ಮಣ್ಣನ್ನು ಮುಷ್ಟಿಯಲ್ಲಿ ತಂದು ತೋರಿಸಿದವನೇ ಗಂಡು. ನಾಗಮಂಗಲದ ಕಡೆಯಿಂದ ಓದಲು ಬಂದಿದ್ದ ಗೆಳೆಯನೊಬ್ಬ ಇದರಲ್ಲಿ ನಮ್ಮೆಲ್ಲರ ಗುರು. ಧುಮುಕುವ ಮುನ್ನ ಅವನು ಕಮ್ಮಾರನ ತಿದಿಯಂತೆ ಇಪ್ಪತ್ತು ಮೂವತ್ತು ಸಲ ರಭಸವಾಗಿ ಉಸಿರಾಡುತ್ತಿದ್ದ. ಒಂದು ಬೇಸಿಗೆಯ ಮಧ್ಯಾಹ್ನ ಅವನು ಮೇಲೆ ಬರಲಿಲ್ಲ. ನಾವು ಮೆಟ್ಟಿಲ ಮೇಲೆ ಕುಳಿತು ಎಣಿಸುತ್ತಿದ್ದೆವು. ಗುಳ್ಳೆಗಳು ನಿಂತದ್ದನ್ನು ಕಂಡ ಮೇಲೂ ಎಣಿಸುತ್ತಿದ್ದೆವು.

ಬಾವಿಯ ದೆವ್ವ ಎಳೆದುಕೊಂಡಿತು ಎಂದರು ಹಿರಿಯರು. ನಿಜ ಬೇರೆ. ಉಸಿರಿಗಾಗಿ ನಮ್ಮನ್ನು ಒದ್ದಾಡಿಸುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ. ರಕ್ತದಲ್ಲಿ ಕೂಡಿಕೊಳ್ಳುವ ಇಂಗಾಲದ ಡೈ ಆಕ್ಸೈಡ್. ರಭಸದ ಉಸಿರಾಟ ಈ ಅನಿಲವನ್ನು ಹೊರದೂಡುತ್ತದೆಯೇ ಹೊರತು ಆಮ್ಲಜನಕವನ್ನು ಹೆಚ್ಚೇನೂ ಕೂಡಿಹಾಕುವುದಿಲ್ಲ. ಹಾಗಾಗಿ ಎಚ್ಚರಿಕೆಯ ಗಂಟೆ ಬಾರಿಸುವ ಮೊದಲೇ ಮಿದುಳು ಮಂಕಾಗುತ್ತದೆ. ಮುಳುಗಿದವನಿಗೆ ತಾನು ಮುಳುಗುತ್ತಿದ್ದೇನೆಂದೇ ತಿಳಿಯುವುದಿಲ್ಲ. ಕೆರೆ ಬಾವಿಗಳಿಗಿಳಿಯುವ ಮಕ್ಕಳುಳ್ಳವರು ಇದನ್ನು ದಯವಿಟ್ಟು ಅವರ ಕಿವಿಗೆ ಹಾಕಬೇಕು.

ಇನ್ನು ನೇತ್ರಾಣಿಯ ವಿಚಾರ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿಯ ಕಡಲೊಳಗೆ ಇಳಿದದ್ದನ್ನು ನೋಡಿದಂದಿನಿಂದ ಮೊಮ್ಮಗಳಿಗೆ ಅದೇ ಹಂಬಲ. ಭಟ್ಕಳ ತಾಲ್ಲೂಕಿನ ತೀರದಿಂದ ಸುಮಾರು 19 ಕಿಲೋಮೀಟರು ದೂರದ, ಜನವಸತಿಯಿಲ್ಲದ ಗುಡ್ಡ ಅದು. ಪಾರಿವಾಳ ಗುಡ್ಡವೆಂದೂ ಕರೆಯುತ್ತಾರೆ. ಮಳೆಗಾಲದಲ್ಲಿ ಅತ್ತ ದೋಣಿ ಹೋಗುವುದಿಲ್ಲ. ದ್ವೀಪದ ಮೇಲೆ ಕಾಲಿಡುವುದೂ ಇಲ್ಲ. ಅದರ ಮಗ್ಗುಲಲ್ಲಿ ಲಂಗರು ಹಾಕಿ ದೋಣಿಯಿಂದಲೇ ನೀರಿಗಿಳಿಯುವುದು.

ಇಳಿಯುವವರ ಬೆನ್ನ ಮೇಲಿನ ಸಿಲಿಂಡರಿನಲ್ಲಿ ಬರಿಯ ಆಮ್ಲಜನಕವಿರುತ್ತದೆಂದು ನಾನು ತಿಳಿದಿದ್ದೆ. ಅಲ್ಲ, ಅದು ಒತ್ತಿ ತುಂಬಿದ ಮಾಮೂಲು ಗಾಳಿ. ಹನ್ನೆರಡು ಲೀಟರಿನ ಪಾತ್ರೆಯಲ್ಲಿ ಇನ್ನೂರು ಪಟ್ಟು ಒತ್ತಡದಲ್ಲಿ ಸುಮಾರು 2400 ಲೀಟರು ಗಾಳಿ! ಕೇಳಿದಾಗ ಮಾತ್ರ, ಕೇಳಿದಷ್ಟೇ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಸಮನಾಗಿ ಅದನ್ನು ಬಾಯಿಗೆ ಬಿಡುವ ಕವಾಟವನ್ನು 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ಎಂಬಿಬ್ಬರು ರೂಪಿಸಿದರು. ಸೋರೆಬುರುಡೆ ನಮ್ಮನ್ನು ತೇಲಿಸಿತು. ಇದು ಮುಳುಗಲು ಬಿಟ್ಟು ಉಸಿರಾಡಿಸುತ್ತದೆ.

ದೋಣಿಯಲ್ಲಿ ತರುಣ ಶಿಕ್ಷಕನೊಬ್ಬ ಎಲ್ಲರನ್ನೂ ಕೂರಿಸಿಕೊಂಡು ಪಾಠ ಮಾಡಿದ. ಅವನ ಮೊದಲ ಮಾತು, ‘ಏನೇ ಆಗಲಿ, ಉಸಿರು ಕಟ್ಟಬೇಡಿ.’ ನಾನು ಬೆಚ್ಚಿದೆ. ಬಾವಿಯಲ್ಲಿ ನಾವು ಕಲಿತಿದ್ದ ವಿದ್ಯೆಗೆ ಇದು ನೇರ ವಿರೋಧ. ಆದರೆ ಲೆಕ್ಕ ಸರಳ. ಹತ್ತು ಮೀಟರು ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎದೆತುಂಬ ಎಳೆದ ಗಾಳಿಯನ್ನು ಬಿಗಿಹಿಡಿದು ಮೇಲೆದ್ದರೆ ಅದು ಇಮ್ಮಡಿಯಾಗಿ ಹಿಗ್ಗಲು ಹವಣಿಸುತ್ತದೆ, ಶ್ವಾಸಕೋಶ ಹರಿಯುತ್ತದೆ. ಬಾವಿಗೆ ಧುಮುಕುವವನು ಮೇಲಿನ ಗಾಳಿಯನ್ನೇ ಒಯ್ಯುವುದರಿಂದ ಅವನಿಗೆ ಈ ಭಯವಿಲ್ಲ, ಅವನ ಭಯ ಬೇರೆ.

ರಕ್ತದೊತ್ತಡದ ಮಾತ್ರೆ ನುಂಗುವ ನನಗೆ ಊರಿನ ವೈದ್ಯರು ಒಪ್ಪಿಗೆಪತ್ರ ಕೊಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ಒತ್ತಾಯಿಸಲೂ ಇಲ್ಲ. ಮೊಮ್ಮಗಳು ಶಿಕ್ಷಕನ ಕೈಹಿಡಿದು ಇಳಿದಳು. ನೀರು ಮುಚ್ಚಿಕೊಂಡಿತು. ನಾನು ದೋಣಿಯ ಅಂಚನ್ನು ಹಿಡಿದು, ಎಣಿಸಬಾರದೆಂದುಕೊಂಡೂ ಎಣಿಸತೊಡಗಿದೆ. ಆಗ ಗುಳ್ಳೆಗಳು ಬಂದವು: ಒಂದು ಗೊಂಚಲು, ಚೂರು ಬಿಡುವು, ಮತ್ತೊಂದು ಗೊಂಚಲು. ಕವಾಟದ ಮೂಲಕ ಬಿಟ್ಟ ಪ್ರತಿಯೊಂದು ಉಸಿರೂ ಮೇಲೆ ಬಂದು ಒಡೆಯುತ್ತದೆ. ಅವಳು ಬಂಡೆಯ ಬದಿಗೆ ಸರಿದಂತೆ ಗುಳ್ಳೆಗಳೂ ಸರಿದವು. ಇಪ್ಪತ್ತು ನಿಮಿಷಕ್ಕೂ ಮೇಲೆ ನಾನು ಬೇರೇನನ್ನೂ ನೋಡಲಿಲ್ಲ.

ಮೇಲೆ ಬಂದವಳು ಮೀನುಗಳ ಬಣ್ಣಗಳನ್ನು ಒಂದೇ ಉಸಿರಿನಲ್ಲಿ ಹೇಳಲು ಹೊರಟು, ನಡುವೆ ನಿಲ್ಲಿಸಿ, ‘ಅಜ್ಜ, ಯಾಕೆ ಹೀಗಿದ್ದೀಯ?’ ಎಂದಳು. ಬಿಸಿಲು ಎಂದೆ.

ಅದೇ ಸಂಜೆ ಘಟ್ಟ ಹತ್ತಿ ಊರಿಗೆ ಮರಳುವ ನಮ್ಮ ಯೋಚನೆಯನ್ನು ಶಿಕ್ಷಕನೇ ತಡೆದ. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮುಂಚೆ ವಿಮಾನವಾಗಲಿ ಬೆಟ್ಟವಾಗಲಿ ಏರಿದರೆ ಮೈಯೊಳಗೇ ಗುಳ್ಳೆಯೆದ್ದು ಕೀಲುಗಳು ನೋಯಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ನಮ್ಮ ಶ್ರೀರಂಗಪಟ್ಟಣವೇ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿದೆಯಲ್ಲವೆ? ರಾತ್ರಿ ಮುರ್ಡೇಶ್ವರದಲ್ಲೇ ಉಳಿದೆವು. ಊಟವಾದ ಮೇಲೆ ಕಡಲ ಕಡೆ ಮುಖಮಾಡಿ ಕುಳಿತು, ಪಾಂಡವಪುರದ ಬಾವಿಯ ಕಥೆಯನ್ನು ಮೊದಲ ಬಾರಿಗೆ ಅವಳಿಗೆ ಹೇಳಿದೆ.